ತಂಪು ಪಾನೀಯದ ಷೇರು, ಹತ್ತಿರ ಹತ್ತಿರ ಒಂಬತ್ತು ವರ್ಷದ ದಿನದರ: ನಾನು ಏರಿಳಿತ ಅಳೆದ ಬಗೆ

ಶಿವಮೊಗ್ಗ ಮಂಡಿಯ ಅಡಿಕೆ ಧಾರಣೆಯನ್ನು ದಿನಾ ಬರೆದಿಡುವ ರೂಢಿ ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದಲೂ ಇದೆ. ಸರಕು, ಬೆಟ್ಟೆ, ರಾಶಿ, ಗೊರಬಲು, ಹೀಗೆ ಅಡಿಕೆಯ ಒಂದೊಂದು ಬಗೆಗೂ ಕನಿಷ್ಠ, ಗರಿಷ್ಠ. ಹಾಗಾಗಿ ವರುಣ್ ಬೆವರೇಜಸ್ ಷೇರಿನ ದಿನದರಗಳನ್ನು ಮೊದಲ ದಿನದಿಂದ 2025ರವರೆಗೆ ಇಳಿಸಿಕೊಂಡು ಕೂತಾಗ ಪಟ್ಟಿಯ ಉದ್ದ ಕಂಡು ಗಾಬರಿಯೇನೂ ಆಗಲಿಲ್ಲ. ಪೆಪ್ಸಿ, ಮೌಂಟೇನ್ ಡ್ಯೂ, ಸ್ಟಿಂಗ್ ಇವನ್ನೆಲ್ಲ ಬಾಟಲಿಗೆ ತುಂಬಿ ಮಾರುವ ಕಂಪನಿ ಇದು. ಈ ಕೆಲಸಕ್ಕೆ ಹಚ್ಚಿದ್ದು ಸಾಗರದಲ್ಲಿ ಅಂಗಡಿ ಇಟ್ಟಿರುವ ನಮ್ಮ ಭಾವ. "ಬೇಸಿಗೇಲಿ ಫ್ರಿಜ್ ತುಂಬ್ಸೋಕೇ ಪುರುಸೊತ್ತಿರಲ್ಲ ಮಾರಾಯ. ಮಾರ್ಚ್‌ನಲ್ಲಿ ಷೇರು ತಗೊಂಡು ಜೂನ್‌ನಲ್ಲಿ ಮಾರಿದ್ರೆ ಆಯ್ತಲ್ಲ?" ಅಂದಿದ್ದರು. ಮಾತು ಕೇಳಲು ಚೆನ್ನಾಗಿತ್ತು. ಲೆಕ್ಕ ಹಾಕಿಯೇ ಬಿಡೋಣ ಅನ್ನಿಸಿತು.

ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ಪ್ರತಿದಿನ ಬಿಡುವ ದರಪಟ್ಟಿಗೆ ಭಾವ್‌ಕಾಪಿ ಅನ್ನುತ್ತಾರೆ. ಆರಂಭದ ಬೆಲೆ, ದಿನದ ಗರಿಷ್ಠ, ಕನಿಷ್ಠ, ಮುಕ್ತಾಯ, ಕೈಬದಲಾದ ಷೇರುಗಳ ಸಂಖ್ಯೆ ಎಲ್ಲವೂ ಅದರಲ್ಲಿರುತ್ತದೆ. ಮುಕ್ತಾಯ ಬೆಲೆ ಅಂದರೆ ಕೊನೆಗೆ ನಡೆದ ಒಂದು ವ್ಯಾಪಾರದ ಬೆಲೆಯಲ್ಲ. ನಾನು ತೆಗೆದುಕೊಂಡ ವರ್ಷಗಳಲ್ಲೆಲ್ಲ ಅದು ಮಧ್ಯಾಹ್ನ 3ರಿಂದ 3.30ರ ನಡುವೆ ನಡೆದ ವ್ಯಾಪಾರದ ಸರಾಸರಿ, ಹೆಚ್ಚು ಷೇರು ಕೈಬದಲಾದ ಬೆಲೆಗೆ ಹೆಚ್ಚು ತೂಕ ಕೊಟ್ಟು ತೆಗೆದದ್ದು. ಕೊನೇ ನಿಮಿಷದಲ್ಲಿ ಯಾರೋ ಒಬ್ಬರು ಎಳೆದಾಡಿದರೆ ಅದು ಅಷ್ಟಾಗಿ ಅಲುಗುವುದಿಲ್ಲ. ಅದಕ್ಕೇ ನಾನು ಲೆಕ್ಕಕ್ಕೆ ಹಿಡಿದದ್ದು ಮುಕ್ತಾಯ ಬೆಲೆ.

ನಿಜವಾದ ಕೆಲಸ ಶುರುವಾಗುವುದು ಪಟ್ಟಿಯನ್ನು ಹಸನು ಮಾಡುವಲ್ಲಿ. ಈ ಷೇರು ಪೇಟೆಗೆ ಬಂದದ್ದು 2016ರ ನವೆಂಬರ್ 8ರಂದು, ಸಾರ್ವಜನಿಕರಿಗೆ ಕೊಟ್ಟ ಬೆಲೆ 445 ರೂಪಾಯಿ. (ಅದೇ ರಾತ್ರಿ ನೋಟು ರದ್ದತಿ ಘೋಷಣೆಯಾಯಿತು. ಪೇಟೆಗೆ ಕಾಲಿಡಲು ಎಂಥಾ ಮುಹೂರ್ತ!) ಆಮೇಲೆ 2019ರ ಜುಲೈ, 2021ರ ಜೂನ್, 2022ರ ಜೂನ್‌ನಲ್ಲಿ ಒಟ್ಟು ಮೂರು ಬಾರಿ ಎರಡಕ್ಕೊಂದು ಬೋನಸ್ ಕೊಟ್ಟರು, ಅಂದರೆ ಕೈಯಲ್ಲಿದ್ದ ಎರಡು ಷೇರಿಗೆ ಇನ್ನೊಂದು ಪುಕ್ಕಟೆ. 2023ರ ಜೂನ್‌ನಲ್ಲಿ ಮುಖಬೆಲೆಯನ್ನು 10ರಿಂದ 5 ರೂಪಾಯಿಗೂ, 2024ರ ಸೆಪ್ಟೆಂಬರ್‌ನಲ್ಲಿ 5ರಿಂದ 2 ರೂಪಾಯಿಗೂ ಒಡೆದರು; ಅಂದರೆ ಒಂದು ಷೇರು ಮೊದಲ ಸಲ ಎರಡಾಯಿತು, ಎರಡನೇ ಸಲ ಎರಡೂವರೆ. ಹಸಿ ಪಟ್ಟಿಯಲ್ಲಿ ಬೋನಸ್‌ನ ದಿನ ಬೆಲೆ ಮೂರನೇ ಒಂದು ಭಾಗ ಕುಸಿದಂತೆ ಕಾಣುತ್ತದೆ, 2024ರ ವಿಭಜನೆಯ ದಿನ ಶೇ. 60ರಷ್ಟು. ಷೇರುದಾರನ ಜೇಬಿನಿಂದ ಒಂದು ಪೈಸೆಯೂ ಹೋಗಿರುವುದಿಲ್ಲ. ಆದರೆ ಎಕ್ಸೆಲ್‌ಗೆ ಅದೆಲ್ಲಿ ಗೊತ್ತು?

ಹಾಗಾಗಿ ಹಳೆಯ ಬೆಲೆಗಳನ್ನೆಲ್ಲ ಈಗಿನ ಷೇರಿನ ಲೆಕ್ಕಕ್ಕೆ ಇಳಿಸಿದೆ. ಒಂದೊಂದು ಬೋನಸ್‌ಗೆ 1.5, ಮೊದಲ ವಿಭಜನೆಗೆ 2, ಎರಡನೆಯದಕ್ಕೆ 2.5. ಎಲ್ಲ ಗುಣಿಸಿದರೆ 16.875. ಅಂದರೆ ಅಂದಿನ 445 ರೂಪಾಯಿ ಇಂದಿನ ಲೆಕ್ಕದಲ್ಲಿ 26 ರೂಪಾಯಿ 37 ಪೈಸೆ. ಆಯಾ ತಾರೀಕಿಗಿಂತ ಹಿಂದಿನ ಸಾಲುಗಳಿಗೆ ಮಾತ್ರ ಆಯಾ ಭಾಜಕ ಬರಬೇಕು. ಕೈಬದಲಾದ ಷೇರುಗಳ ಸಂಖ್ಯೆಯನ್ನು ಇದಕ್ಕೆ ತದ್ವಿರುದ್ಧವಾಗಿ ಗುಣಿಸಬೇಕು. ಕೆಲವು ವೆಬ್‌ಸೈಟ್‌ಗಳು ಇದನ್ನು ಮೊದಲೇ ಮಾಡಿ ಕೊಡುತ್ತವೆ, ಆದರೆ ಎಲ್ಲಿಯವರೆಗೆ ಮಾಡಿದ್ದಾರೆ ಅಂತ ಈ ಐದು ತಾರೀಕುಗಳಲ್ಲಿ ಕಣ್ಣಾಡಿಸಿ ನೋಡದೆ ನಾನು ಮುಂದೆ ಹೋಗುವುದಿಲ್ಲ.

ಮುಂದಿನದು ಸುಲಭ. ಇಂದಿನ ಮುಕ್ತಾಯವನ್ನು ನಿನ್ನೆಯದರಿಂದ ಭಾಗಿಸಿ ಲಾಗ್ ತೆಗೆದರೆ ಆ ದಿನದ ಬದಲಾವಣೆ ಬರುತ್ತದೆ. ಪ್ರತಿದಿನವೂ ಅಲ್ಲಿಯವರೆಗಿನ ಕೊನೆಯ 20 ದಿನಗಳ ಬದಲಾವಣೆಗೆ ಸ್ಟ್ಯಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ತೆಗೆದು, ವರ್ಷದ ಲೆಕ್ಕಕ್ಕೆ 15.8ರಿಂದ ಗುಣಿಸುತ್ತೇನೆ. ವರ್ಷಕ್ಕೆ ಸುಮಾರು 250 ದಿನ ಪೇಟೆ ತೆರೆದಿರುತ್ತದೆ, 15.8 ಅದರ ವರ್ಗಮೂಲ.

ಈ 20 ದಿನದ ಕಿಟಕಿಯಲ್ಲಿ ಒಂದು ತಮಾಷೆ ಇದೆ. 19 ದಿನ ಬೆಲೆ ಶೇ. 1ರಷ್ಟು ಮಾತ್ರ ಅತ್ತಿತ್ತ ಆಡಿತು, ಒಂದೇ ಒಂದು ದಿನ ಶೇ. 10 ಹಾರಿತು ಅಂತಿಟ್ಟುಕೊಳ್ಳಿ. ವಾರ್ಷಿಕ ಏರಿಳಿತ ಶೇ. 16ರ ಆಸುಪಾಸಿನಿಂದ ಸುಮಾರು 38ಕ್ಕೆ ಜಿಗಿಯುತ್ತದೆ. ಅಲ್ಲೇ ಕೂತಿರುತ್ತದೆ. ಇಪ್ಪತ್ತೊಂದನೇ ದಿನ ಆ ಹಾರಿದ ದಿನ ಕಿಟಕಿಯಿಂದ ಆಚೆ ಹೋದದ್ದೇ ತಡ, ಗ್ರಾಫ್ ಧೊಪ್ಪನೆ ಬೀಳುತ್ತದೆ. ಅವತ್ತು ಪೇಟೆಯಲ್ಲಿ ಏನೂ ನಡೆದಿರುವುದಿಲ್ಲ! ಅದಕ್ಕೇ 60 ದಿನದ ಇನ್ನೊಂದು ಗೆರೆಯನ್ನೂ ಪಕ್ಕದಲ್ಲೇ ಎಳೆದುಕೊಂಡಿದ್ದೇನೆ.

ದಿನದ ಗರಿಷ್ಠ, ಕನಿಷ್ಠದ ವಿಷಯದಲ್ಲಿ ಅಡಿಕೆಯವರು ಸ್ವಲ್ಪ ಹುಷಾರಾಗಿರಬೇಕು. ಮಂಡಿಯ ಪಟ್ಟಿಯಲ್ಲಿ ರಾಶಿಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂದರೆ ಅದರಲ್ಲಿ ಹೆಚ್ಚಿನ ಪಾಲು ಮಾಲಿನ ಗುಣದ ವ್ಯತ್ಯಾಸ. ನಿಮ್ಮ ಚೀಲ ಬೇರೆ, ನನ್ನ ಚೀಲ ಬೇರೆ. ಷೇರಿನಲ್ಲಿ ಒಂದಕ್ಕಿಂತ ಇನ್ನೊಂದು ಒಳ್ಳೆಯದು ಅನ್ನುವುದೇ ಇಲ್ಲ. ಅಲ್ಲಿನ ಗರಿಷ್ಠ, ಕನಿಷ್ಠಗಳ ನಡುವಿನ ಅಂತರ ಪೂರ್ತಿ ಬೆಲೆಯ ಓಡಾಟವೇ. ಬೆಳಿಗ್ಗೆ ಮೇಲೆ ಹೋಗಿ ಸಂಜೆಗೆ ಇದ್ದಲ್ಲಿಗೇ ಬಂದು ನಿಂತ ದಿನ ಮುಕ್ತಾಯದ ಲೆಕ್ಕದಲ್ಲಿ ತಣ್ಣಗೆ ಕಾಣುತ್ತದೆ. ಗರಿಷ್ಠ, ಕನಿಷ್ಠದಿಂದ ಏರಿಳಿತ ತೆಗೆಯುವ ಪಾರ್ಕಿನ್ಸನ್ ಸೂತ್ರ (1980ರದ್ದು) ಅದನ್ನು ಹಿಡಿಯುತ್ತದೆ. ಆದರೆ ರಾತ್ರಿ ಸುದ್ದಿ ಬಂದು ಬೆಳಿಗ್ಗೆ ಬೆಲೆ ಬೇರೆಡೆಯೇ ತೆರೆದುಕೊಂಡರೆ ಆ ಜಿಗಿತ ಈ ಸೂತ್ರಕ್ಕೆ ಕಾಣದು. ಎರಡನ್ನೂ ಜೊತೆಗಿಟ್ಟೇ ನೋಡಬೇಕು.

ಸರಿ, ಭಾವನ ಬೇಸಿಗೆ? ಕಂಪನಿಗೆ ಏಪ್ರಿಲ್–ಜೂನ್ ತ್ರೈಮಾಸಿಕವೇ ದೊಡ್ಡ ಸುಗ್ಗಿ ಅನ್ನುವುದು ನಿಜ. ಅವರ ಲೆಕ್ಕದ ವರ್ಷ ಕೂಡ ಜನವರಿಯಿಂದ ಡಿಸೆಂಬರ್. ಆದರೆ ಆ ಮೂರು ತಿಂಗಳ ಸಾಲುಗಳನ್ನು ವರ್ಷವಾರು ಬೇರೆ ಮಾಡಿ ನೋಡಿದರೆ ನಂಬಿ ದುಡ್ಡು ಹಾಕುವಂಥ ವರಸೆ ಕಾಣಲಿಲ್ಲ. ಯಾಕೆ ಕಾಣಬೇಕು? ಏಪ್ರಿಲ್‌ನಲ್ಲಿ ಬಿಸಿಲು ಬರುತ್ತದೆ ಅನ್ನುವುದು ಮುಂಬೈನಲ್ಲಿ ಕೂತವರಿಗೂ ಗೊತ್ತು, ಅದು ಫೆಬ್ರವರಿಯ ಬೆಲೆಯಲ್ಲೇ ಸೇರಿರುತ್ತದೆ. ಬೆಲೆ ಅಲುಗುವುದು ನಿರೀಕ್ಷೆ ತಪ್ಪಿದಾಗ. 2020ರಲ್ಲಿ ಸುಗ್ಗಿಯ ಹೊತ್ತಿಗೇ ಲಾಕ್‌ಡೌನ್ ಬಂತು. 2025ರಲ್ಲಿ ಮೇ 24ಕ್ಕೇ ಕೇರಳಕ್ಕೆ ಮುಂಗಾರು ಬಂದಿತ್ತು, ಅಕಾಲ ಮಳೆಯಿಂದ ಆ ತ್ರೈಮಾಸಿಕದಲ್ಲಿ ದೇಶದೊಳಗಿನ ಮಾರಾಟ ಇಳಿಯಿತು. ಇದನ್ನು ತೋರಿಸಿದಾಗ ಭಾವ, "ಹೌದೋ, ಆ ವರ್ಷ ನನ್ ಫ್ರಿಜ್ಜೂ ಹಾಗೇ ಇತ್ತು" ಅಂದರು. ಅದು ಸರಿ. ಆದರೆ ಸಾಗರದ ಮಳೆ ನೋಡಿ ಷೇರು ಮಾರುವುದೂ ಅಷ್ಟೇ ತಪ್ಪು ಲೆಕ್ಕ. ಕಂಪನಿಯ ಮಾರುಕಟ್ಟೆ ಉತ್ತರ ಭಾರತದಿಂದ ಆಫ್ರಿಕಾದವರೆಗೆ ಹರಡಿದೆ.

ಒಂದು ವಿಷಯ ಮಾತ್ರ ಪಟ್ಟಿಯಲ್ಲಿ ಕಣ್ಣಿಗೆ ರಾಚುವಂತಿದೆ. ದೊಡ್ಡ ದಿನಗಳು ಒಂಟಿಯಾಗಿ ಬರುವುದು ಕಡಿಮೆ, ಒಂದರ ಹಿಂದೆ ಇನ್ನೊಂದು ಗುಂಪಾಗಿ ಬರುತ್ತವೆ. ಮೇಲೋ ಕೆಳಗೋ ಹೇಳಲಾಗದು, ದೊಡ್ಡದಾಗಿರುತ್ತದೆ ಅಂತಷ್ಟೇ ಹೇಳಬಹುದು. ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ 1963ರಲ್ಲೇ ಇದನ್ನು ಬರೆದಿದ್ದ. ಅವನು ನೋಡಿದ್ದು ಹತ್ತಿಯ ಬೆಲೆಯನ್ನು ಅನ್ನುವುದು ನಮ್ಮಂಥ ಬೆಳೆಗಾರರಿಗೆ ಖುಷಿ ಕೊಡುವ ಸಂಗತಿ. ಪುಸ್ತಕದ ಗಂಟೆಯಾಕಾರದ ಗೆರೆಯ ಪ್ರಕಾರ ಸ್ಟ್ಯಾಂಡರ್ಡ್ ಡೀವಿಯೇಷನ್‌ನ ಮೂರು ಪಟ್ಟು ದಾಟುವ ದಿನ ಸುಮಾರು 370 ದಿನಕ್ಕೊಮ್ಮೆ ಬರಬೇಕು. ಷೇರು ಪೇಟೆ ಆ ಲೆಕ್ಕಕ್ಕೆ ಸೊಪ್ಪು ಹಾಕುವುದಿಲ್ಲ, ಅಂಥ ದಿನಗಳು ಅದಕ್ಕಿಂತ ಬೇಗ ಬೇಗ ಬರುತ್ತವೆ.

ಹಾಗೆ ಮೂರು ಪಟ್ಟು ದಾಟಿದ ಪ್ರತಿ ದಿನದ ಪಕ್ಕ ಕಾರಣ ಬರೆಯಲು ಒಂದು ಕಾಲಂ ಇಟ್ಟಿದ್ದೇನೆ. ಇಡೀ ಪೇಟೆ ಅಲ್ಲಾಡಿದ ದಿನಗಳನ್ನು ಮೊದಲು ಗುರುತು ಮಾಡಿಕೊಂಡೆ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಶೇ. 13 ಬಿದ್ದಿತ್ತು, 2024ರ ಜೂನ್ 4 ಚುನಾವಣೆ ಫಲಿತಾಂಶದ ದಿನ. ಅಂಥ ದಿನ ಈ ಷೇರು ಎಷ್ಟೇ ಅಲುಗಿದರೂ ಅದನ್ನು ಪೆಪ್ಸಿಯ ತಲೆಗೆ ಕಟ್ಟಬಾರದು. ಅದಕ್ಕೇ ಇಡೀ ಪೇಟೆಯ ಸೂಚ್ಯಂಕವಾದ ನಿಫ್ಟಿಯ ಬದಲಾವಣೆಯನ್ನು ಪಕ್ಕದ ಕಾಲಂನಲ್ಲಿ ಹಾಕಿದ್ದೇನೆ. ಉಳಿದ ದಿನಗಳಿಗೆ ತ್ರೈಮಾಸಿಕ ಫಲಿತಾಂಶ, ಹೊಸ ಷೇರು ಬಿಡುಗಡೆ, ಪೈಪೋಟಿಯ ಕ್ಯಾಂಪಾ ಕೋಲಾ ಮರಳಿ ಬಂದದ್ದು, ತೆರಿಗೆ ಸುದ್ದಿ ಎಲ್ಲ ತಾಳೆ ಹಾಕುತ್ತೇನೆ. ತೆರಿಗೆ ಸುದ್ದಿಯನ್ನಂತೂ ಪೂರ್ತಿ ಓದಬೇಕು. 2025ರ ಸೆಪ್ಟೆಂಬರ್‌ನಲ್ಲಿ ಸೋಡಾ ಪಾನೀಯಕ್ಕೆ ಶೇ. 40 ಜಿಎಸ್‌ಟಿ ಅಂತ ದೊಡ್ಡಕ್ಷರದಲ್ಲಿ ಬಂತು. ಮೊದಲು 28ರ ಮೇಲೆ 12 ಸೆಸ್ ಇತ್ತು, ಒಟ್ಟು ಅಷ್ಟೇ.

ಕಾರಣ ಸಿಗದ ದಿನಗಳೂ ಇವೆ. ಅಲ್ಲಿ ಏನನ್ನೂ ಬರೆಯುವುದಿಲ್ಲ. ಭಾವನಿಗೆ ಕೊನೆಗೆ ಹೇಳಿದ್ದು ಇಷ್ಟೇ: "ದಿನದ ಏರಿಳಿತ ಶೇ. 2 ಅಂದ್ರೆ ನೀವು ಹಾಕೋ ಒಂದು ಲಕ್ಷ ದಿನಾ ಎರಡು ಸಾವಿರ ಅತ್ತಿತ್ತ ಆಗೋದು ಮಾಮೂಲಿ ಭಾವ. ಅದನ್ನ ನೋಡ್ಕೊಂಡು ನಿದ್ದೆ ಬರತ್ತಾ ಅಂತ ಅಕ್ಕನ್ನ ಕೇಳಿ." ಅವರು ಇನ್ನೂ ಕೇಳಿಲ್ಲ.