ಸಂತೆಗೆ ಬಂದ ಸೇರು, ಪಾವು

ಕಲಬುರಗಿ ಜಿಲ್ಲೆಯ ಊರೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಪಾಲಕರ ಸಭೆ ಎಂದರೆ ಐದಾರು ಜನ, ಸಹಿ, ಚಹಾ; ಅಲ್ಲಿಗೆ ಮುಗಿಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು. ನಮ್ಮ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಪಟ್ಟಿಯಲ್ಲೂ ಇದ್ದರು. ಆದರೆ ಶಾಲೆಯೊಳಗೆ ಕಾಲಿಡುತ್ತಿದ್ದವರು ಕಡಿಮೆ.

ಮೊದಲ ವರ್ಷ ವಾರ್ಷಿಕೋತ್ಸವಕ್ಕೆ ವೇದಿಕೆ ಹಾಕಿಸಿದೆವು. ಹಾರ, ಭಾಷಣ, ಸನ್ಮಾನ. ತಾಯಂದಿರು ಕಾಂಪೌಂಡಿನ ಹೊರಗೇ ನಿಂತಿದ್ದು, ತಮ್ಮ ಮಗುವಿನ ಕುಣಿತ ಮುಗಿದದ್ದೇ ತಡ ಮನೆಗೆ ಹೊರಟರು. ಮರುವರ್ಷ ವೇದಿಕೆ ಕೈಬಿಟ್ಟು ಮಕ್ಕಳ ಸಂತೆ ಮಾಡಿದೆವು. ದಿನ ಗೊತ್ತುಮಾಡುವ ಮೊದಲು ಓಣಿ ಓಣಿ ತಿರುಗಿ ಕೇಳಿದೆ. ತೊಗರಿ ರಾಶಿ ಮುಗಿಯಲಿ, ಸಂಜೆ ನಾಲ್ಕರ ಮೇಲೆ ಇಡಿ ಎಂದರು; ಹಾಗೆಯೇ ಇಟ್ಟೆವು. ಬರೀ ಆಮಂತ್ರಣ ಕೊಟ್ಟು ಬರಲಿಲ್ಲ, ಮನೆಗೊಂದು ಕೆಲಸ ಒಪ್ಪಿಸಿ ಬಂದೆ. ಗಂಡಸರು ತೊಗರಿ ಕಟ್ಟಿಗೆ ತಂದು ಚಪ್ಪರ ಹಾಕಿದರು. ಹಿಂದಿನ ರಾತ್ರಿ ತಾಯಂದಿರು ಮಕ್ಕಳಿಗೆ ತಕ್ಕಡಿ ಹಿಡಿಯುವುದನ್ನು, ತೂಗಿದ ಮೇಲೆ ಒಂದಿಷ್ಟು ಕೊಸರು ಹಾಕುವುದನ್ನು ಹೇಳಿಕೊಟ್ಟರು.

ಐದನೆಯ ತರಗತಿಯ ಹುಡುಗಿಯೊಬ್ಬಳ ಅಜ್ಜಿ ಹಿತ್ತಾಳೆಯ ಸೇರು, ಪಾವು ತಂದಿದ್ದರು. ಜೋಳ ತುಂಬಿ, ಅಂಚಿನ ಮೇಲೆ ಅಂಗೈ ಸವರಿ ಮಟ್ಟ ಮಾಡಿ, ನಾಲ್ಕು ಪಾವು ಸುರಿದರೆ ಒಂದು ಸೇರು ತುಂಬುವುದನ್ನು ತೋರಿಸಿದರು. ಕಾಲು, ಅರ್ಧ, ಮುಕ್ಕಾಲು ಎಂದು ನಾನು ಎರಡು ವಾರ ಹಲಗೆಯ ಮೇಲೆ ಬರೆದದ್ದು ಅಲ್ಲಿ ಹತ್ತು ನಿಮಿಷದಲ್ಲಿ ಮಕ್ಕಳ ಕೈಗೆ ಹತ್ತಿತು.

ಶಾಲೆಯಿಂದ ಕರೆ ಬಂದರೆ ದೂರು ಹೇಳುವುದಕ್ಕೇ ಎಂಬ ಹೆದರಿಕೆ ನಮ್ಮ ಪಾಲಕರಲ್ಲಿ ಆಳವಾಗಿದೆ. ಅದಕ್ಕೇ ಅಂದು ಯಾವ ಮಗುವಿನ ಮೇಲೂ ದೂರು ಎತ್ತಬಾರದೆಂದು ಶಿಕ್ಷಕರೆಲ್ಲ ಮೊದಲೇ ಮಾತಾಡಿಕೊಂಡಿದ್ದೆವು. ಅಸಲು ಎಷ್ಟು, ಮಾರಿದ್ದು ಎಷ್ಟು, ಲಾಭ ಎಷ್ಟು ಎಂದು ಬರೆದಿಟ್ಟ ಪುಸ್ತಕವನ್ನು ಮಕ್ಕಳೇ ಮನೆಯವರಿಗೆ ಓದಿ ಹೇಳಿದರು. ಓದು ಬಾರದ ತಾಯಿಯೊಬ್ಬರು ಪುಸ್ತಕ ಈಸಿಕೊಂಡು, ಮಗ ಬರೆದ ಅಂಕಿಗಳ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಕುಳಿತಿದ್ದರು. ಆ ಬೆರಳು ಇಂದಿಗೂ ನನ್ನ ಕಣ್ಣ ಮುಂದಿದೆ.

ಮುಂದಿನ ಸಭೆಗೆ ಆ ಅಜ್ಜಿ ಯಾರೂ ಕರೆಯದೆಯೇ ಬಂದರು. ಚಹಾ ಬರುವ ಮೊದಲೇ ಕೇಳಿದರು: “ಅಕ್ಕೋರೇ, ನಮ್ಮ ಹುಡುಗಿಗೆ ಪಾವು, ಸೇರು ಚೆನ್ನಾಗಿ ಬರುತ್ತದೆ. ಮತ್ತೆ ಭಾಗಾಕಾರ ಯಾಕೆ ಬರುವುದಿಲ್ಲ?”