ಸೋದರಮಾವನಿಗೆ ಚರಣ್‌ಜಿತ್ ಸಿಂಗ್ ಕೇಳಿಸಿದ್ದು

ನನ್ನ ಸೋದರಮಾವ ಧಾರವಾಡದಿಂದ ಪುಣೆಗೆ ಬಂದು ನೆಲೆಸಿದವರು. ಭೀಮಸೇನ ಜೋಶಿಯವರು 1953ರಲ್ಲಿ ಗುರುಗಳ ನೆನಪಿಗೆ ಆರಂಭಿಸಿದ ಸವಾಯಿ ಗಂಧರ್ವ ಉತ್ಸವವನ್ನು ಎಂದೂ ತಪ್ಪಿಸುವುದಿಲ್ಲ. ನಾನು ಪುಣೆಯ ಕೋಥರೂಡ್‌ನ ಮನೆಯ ಪುಟ್ಟ ಕೋಣೆಯಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತೇನೆ. ಅವರ ಪಾಲಿಗೆ ಅದು ಯಂತ್ರ ಕುಟ್ಟುವ ಸದ್ದು.

ಅವರಿಗೆ ಅಂಥ ಸಂಗೀತ ಕೇಳಿಸಹೊರಟ ಮೊದಲ ಸಲ ತಪ್ಪು ಮಾಡಿದೆ. ಚರಿತ್ರೆ ಹೇಳಲು ಕುಳಿತೆ. ಮುಂಬೈಯ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಲಯಕ್ಕೆ ಕೂಡಿಸಿ ಒಂದು ರೆಕಾರ್ಡ್ ತಂದರು. ಇದನ್ನೇ ಹೋಲುವ ಷಿಕಾಗೋದ ನೃತ್ಯಸಂಗೀತ ಆ್ಯಸಿಡ್ ಹೌಸ್‌ನ ಮೊದಲ ರೆಕಾರ್ಡ್ ಬಂದದ್ದು 1987ರಲ್ಲಿ. 2010ರ ಮರುಮುದ್ರಣದ ನಂತರವೇ ಜಗತ್ತು ಇವರತ್ತ ತಿರುಗಿ ನೋಡಿತು ಎಂದೆಲ್ಲ ವಿವರಿಸಿ, ಮೊಬೈಲಿನಲ್ಲೇ ಹಾಕಿದೆ. "ಮೊದಲು ಮಾಡಿದರೆ ಚೆನ್ನಾಗಿ ಮಾಡಿದ ಹಾಗಾಯಿತೇನೋ?" ಎಂದರು ಮಾವ. ಸರಿಯಾದ ಪ್ರಶ್ನೆ. ಮೊಬೈಲಿನ ಸ್ಪೀಕರ್‌ನಲ್ಲಿ ಮಂದ್ರದ ಸ್ವರಗಳು ಕೇಳಿಸುವುದೂ ಇಲ್ಲ.

ಎರಡನೆಯ ಸಲ ಕೋಣೆಗೇ ಕರೆದೆ. ಸಿಂಗ್ ಬಳಸಿದ ರೋಲ್ಯಾಂಡ್ ಟಿಬಿ-303 ಎಂಬ ಮಂದ್ರ ಸ್ವರಗಳ ಸಿಂಥಸೈಜರ್‌ನ ಮಾದರಿಯ ಚಿಕ್ಕ ಯಂತ್ರ ನನ್ನಲ್ಲಿದೆ. ಅದರಲ್ಲಿ ಮಾಲಕೌಂಸ ರಾಗದ ಐದು ಸ್ವರಗಳನ್ನಷ್ಟೇ ತುಂಬಿದೆ: ಷಡ್ಜ, ಕೋಮಲ ಗಾಂಧಾರ, ಮಧ್ಯಮ, ಕೋಮಲ ಧೈವತ, ಕೋಮಲ ನಿಷಾದ. ಯಂತ್ರದಲ್ಲಿ ಹದಿನಾರು ಮನೆಗಳು. ಕೊನೆ ಮುಟ್ಟಿದರೆ ಮತ್ತೆ ಮೊದಲಿಗೆ. ಮಾವನ ಕೈ ತಾನಾಗಿಯೇ ತೊಡೆಯ ಮೇಲೆ ತಾಳ ಹಾಕತೊಡಗಿತು. "ಹದಿನಾರು ಮಾತ್ರೆ. ಇದು ತಬಲಾ ಸೋಲೊಗೆ ಹಾರ್ಮೋನಿಯಂನವರು ಹಿಡಿಯುವ, ಸುತ್ತಿ ಸುತ್ತಿ ಬರುವ ಲಹರಾ ಅಲ್ಲವೇ?" ಎಂದರು. ನನಗೆ ಹೊಳೆಯದೇ ಇದ್ದ ಹೋಲಿಕೆ ಅದು.

ಫಿಲ್ಟರಿನ ಗುಬುಟನ್ನು ಮೆಲ್ಲಗೆ ತಿರುಗಿಸಿದೆ. ಬಾಯಿ ಮುಚ್ಚಿ ಗುನುಗುತ್ತಿದ್ದವರು ಅಕಾರಕ್ಕೆ ಬಾಯಿ ತೆರೆದಂತೆ ನಾದ ಅರಳಿತು. ಸ್ಲೈಡ್ ಹಾಕಿದಾಗ ಧೈವತ ಮಧ್ಯಮಕ್ಕೆ ಜಾರಿತು. ಅದನ್ನು ಗಾಯಕರು ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಎನ್ನಲಾರೆ. ಯಂತ್ರ ಪ್ರತಿ ಸಲವೂ ಒಂದೇ ಅಳತೆಯಲ್ಲಿ ಜಾರುತ್ತದೆ. ಹಾಗೆಂದು ಮಾವನಿಗೂ ಹೇಳಿದೆ. ಇದರಲ್ಲಿ ನಿಧಾನಗತಿಯ ವಿಲಂಬಿತವಿಲ್ಲ, ಲಯ ಏರುವುದೂ ಇಲ್ಲ, ಅದನ್ನು ಹುಡುಕಬೇಡಿ ಎಂದೂ ಹೇಳಿದೆ.

ಆಮೇಲೆ ಸಿಂಗ್ ಅವರ ಮಾಲಕೌಂಸವನ್ನು ದೊಡ್ಡ ಸ್ಪೀಕರ್‌ಗಳಲ್ಲಿ ಹಾಕಿದೆ. ಸುಮಾರು ಐದು ನಿಮಿಷ ಮಾವ ಮಾತನಾಡಲಿಲ್ಲ. ಬೆರಳು ಮಾತ್ರ ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಸರಿಯಾಗಿ ಬೀಳುತ್ತಿತ್ತು. ಮಳೆಯ ರಾಗ ಮೇಘ ಮಲ್ಹಾರ ಅವರಿಗೆ ಹಿಡಿಸಲಿಲ್ಲ, ಮಳೆಯ ಭಾರವೇ ಇಲ್ಲ ಎಂದರು. ನಾನು ವಾದಿಸಲಿಲ್ಲ.

ಬೆಳಗಿನ ರಾಗ ಲಲಿತ್ ಹಾಕಲು ಹೋದಾಗ ತಡೆದರು. "ಸಂಜೆ ಹೊತ್ತು ಬೇಡ. ಭಾನುವಾರ ಬೆಳಗ್ಗೆ ಐದಕ್ಕೆ ಬರುತ್ತೇನೆ. ಎರಡೂ ಮಧ್ಯಮಗಳನ್ನು ಹೇಗೆ ಹಿಡಿದಿದ್ದಾರೋ ನೋಡೋಣ."