ಪೆಂಡಲ್‌ಟನ್ ಕಡೆಗೆ ಬಂದ ಹೊಸಬರಿಗೆ: ಮನೆ, ದಾರಿ, ನೆರೆಹೊರೆ, ರೋಡಿಯೋ

ಹರ್ಮಿಸ್ಟನ್, ಯುಮಟಿಲ್ಲಾ, ಬೋರ್ಡ್‌ಮನ್, ಪೆಂಡಲ್‌ಟನ್. ಪೂರ್ವ ಒರೆಗಾನಿನ ಈ ಊರುಗಳಿಗೆ ಬಂದು ಇಳಿದ ಕನ್ನಡದ ಕುಟುಂಬಗಳಿಗಾಗಿ ನಮ್ಮ ಕೂಟದ ಕೆಲವರು ಸೇರಿ ಇದನ್ನು ಬರೆದಿದ್ದೇವೆ. ಕಿಟಕಿ ತೆಗೆದರೆ ಗೋಧಿ ಹೊಲ, ಆಲೂಗಡ್ಡೆ ಹೊಲ, ಅದರಾಚೆ ಬೋಳು ಗುಡ್ಡ. ಪೆಂಡಲ್‌ಟನ್‌ನಿಂದ ಪೋರ್ಟ್‌ಲ್ಯಾಂಡ್ 200 ಮೈಲಿಗೂ ಮೇಲೆ. ಮೊದಲ ತಿಂಗಳು ನಾವೂ ಪರದೆ ಎಳೆದು ಮನೆಯಲ್ಲೇ ಕೂತಿದ್ದೆವು. ಆ ತಪ್ಪು ನೀವು ಮಾಡಬೇಡಿ.

ಮೊದಲು ಆಗಬೇಕಾದ ಕೆಲಸ

- ಒರೆಗಾನ್ ಡ್ರೈವಿಂಗ್ ಲೈಸೆನ್ಸ್. ಇಲ್ಲಿ ನೆಲೆಸಿದ 30 ದಿನದೊಳಗೆ.
- ಅಡುಗೆಗೆ ಪ್ರೊಪೇನ್ ಇದ್ದರೆ ಟ್ಯಾಂಕಿನ ಮೀಟರಿನ ಮುಳ್ಳು ನೋಡುತ್ತಿರಿ.
- ಬಾವಿ ನೀರಿನ ಮನೆಯಾದರೆ ಕರೆಂಟ್ ಹೋದಾಗ ಪಂಪ್ ನಿಲ್ಲುತ್ತದೆ, ನೀರೂ ಹೋಗುತ್ತದೆ. ನಾಲ್ಕು ಕ್ಯಾನ್ ನೀರು ತುಂಬಿಟ್ಟಿರಿ.
- ಸೆಪ್ಟಿಕ್ ಟ್ಯಾಂಕ್ ಇದ್ದರೆ ಕರಿದ ಎಣ್ಣೆ, ಮಿಕ್ಕ ಅನ್ನ ಸಿಂಕಿಗೆ ಹಾಕಲೇಬೇಡಿ.
- ನೆಲ ಅಗೆಯುವ ಮುಂಚೆ, ಅಡಿಯಲ್ಲಿರುವ ಪೈಪು, ತಂತಿಗಳ ಗುರುತು ಹಾಕಿಸಲು 811ಕ್ಕೆ ಫೋನ್ ಮಾಡಿ. ಕರಿಬೇವು ನೆಡಲು ಗುಂಡಿ ತೆಗೆಯುವುದೂ ಅಗೆಯುವುದೇ.

ದಾರಿ

ಚಳಿಗಾಲದಲ್ಲಿ ಹೊರಡುವ ಮುಂಚೆ, ಒರೆಗಾನಿನ ರಸ್ತೆಗಳ ಸ್ಥಿತಿ ತಿಳಿಸುವ ಟ್ರಿಪ್‌ಚೆಕ್ ವೆಬ್‌ಸೈಟ್ ನೋಡಿ. ಪೆಂಡಲ್‌ಟನ್ ದಾಟಿ ಪೂರ್ವಕ್ಕೆ ಹೋಗುವ ಐ-84 ರಸ್ತೆಯಲ್ಲಿ ಕ್ಯಾಬೇಜ್ ಹಿಲ್ ಇದೆ. ಮಂಜು, ಹಿಮ ಜಾಸ್ತಿಯಾದರೆ ರಸ್ತೆಯನ್ನೇ ಮುಚ್ಚುತ್ತಾರೆ. ಘಾಟಿ ರಸ್ತೆ ನಮಗೇನು ಹೊಸದಾ, ಶಿರಾಡಿ ನೋಡಿದವರು ನಾವು ಅನ್ನಬೇಡಿ. ಶಿರಾಡಿಯಲ್ಲಿ ಮಂಜುಗಡ್ಡೆ ಇರುವುದಿಲ್ಲ.

ದಿನಸಿ

ಬೇಳೆ, ಹುಣಸೆ, ಸಾರಿನ ಪುಡಿಗೆ ಗಡಿ ದಾಟಿ ವಾಷಿಂಗ್ಟನ್‌ನ ಕೆನವಿಕ್, ರಿಚ್‌ಲ್ಯಾಂಡ್ ಕಡೆ ಹೋಗಬೇಕು. ಅಲ್ಲಿ ಸೇಲ್ಸ್ ಟ್ಯಾಕ್ಸ್ ಇದೆ, ಒರೆಗಾನಿನಲ್ಲಿ ಇಲ್ಲ. ಹಾಗಾಗಿ ಟಿವಿ, ಸೋಫಾ ಇಲ್ಲೇ ಕೊಳ್ಳಿ. ಕರಿಬೇವನ್ನು ತೊಳೆದು, ಚೆನ್ನಾಗಿ ಒಣಗಿಸಿ ಫ್ರೀಜರಿನಲ್ಲಿಡಿ. ಇಲ್ಲಿಯದನ್ನೂ ಉಣ್ಣಿ: ಹರ್ಮಿಸ್ಟನ್ ಕಲ್ಲಂಗಡಿ, ವಾಲಾ ವಾಲಾ ಸಿಹಿ ಈರುಳ್ಳಿ. ಆ ಈರುಳ್ಳಿಯನ್ನು ಹಸಿಯಾಗಿಯೇ ಮೊಸರುಬಜ್ಜಿಗೆ ಹಾಕಿ ನೋಡಿ.

ನೆಗ್ಗಿಲು ಮುಳ್ಳು

ಇದಕ್ಕೆ ಬೇರೆ ತಲೆಬರಹವೇ ಬೇಕು. ಬಯಲುಸೀಮೆಯವರಿಗೆ ಗೊತ್ತಿರುವ ಅದೇ ನೆಗ್ಗಿಲು. ಇಲ್ಲಿ ಗೋಟ್‌ಹೆಡ್ ಅನ್ನುತ್ತಾರೆ. ನೆಲಕ್ಕೆ ಅಂಟಿ ಹಬ್ಬುವ ಬಳ್ಳಿ, ಪುಟ್ಟ ಹಳದಿ ಹೂವು, ಕಾಯಿ ಒಣಗಿದರೆ ಆಡಿನ ತಲೆಯ ಹಾಗೆ ಎರಡು ಕೊಂಬು. ಮಗಳ ಸೈಕಲ್ ಒಂದೇ ವಾರದಲ್ಲಿ ಮೂರು ಸಲ ಪಂಕ್ಚರ್ ಆದಾಗ ಟಯರ್ ಬಿಚ್ಚಿ ನೋಡಿದೆ. ಅಜ್ಜಿಯ ಹೊಲದಲ್ಲಿ ನನ್ನ ಕಾಲಿಗೆ ಚುಚ್ಚುತ್ತಿದ್ದ ಮುಳ್ಳೇ ಅಂಗೈಯಲ್ಲಿ ಕೂತಿತ್ತು. ಅವತ್ತು ಅದನ್ನು ಬಿಸಾಡಲು ಮನಸ್ಸೇ ಬರಲಿಲ್ಲ. ಆದರೆ ನೀವು ಬಿಡಬೇಡಿ. ಹೂ ಬಿಡುವಾಗಲೇ ಬೇರು ಸಮೇತ ಕಿತ್ತು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಕಾಯಿ ಒಮ್ಮೆ ಉದುರಿತೋ, ವರ್ಷಗಟ್ಟಲೆ ಮೊಳೆಯುತ್ತಲೇ ಇರುತ್ತದೆ.

ನೆರೆಹೊರೆ ಮತ್ತು ಗೇಟು

ಹಳ್ಳಿ ರಸ್ತೆಯಲ್ಲಿ ಎದುರು ಬರುವ ಪಿಕಪ್‌ನವರು ಸ್ಟೀರಿಂಗ್ ಮೇಲಿಂದ ಎರಡು ಬೆರಳು ಎತ್ತುತ್ತಾರೆ. ಅದು ನಮಸ್ಕಾರ. ನೀವೂ ಎತ್ತಿ. ನಮ್ಮವರು ತುಂಬಾ ಜನ ಮುಖ ಗಂಟು ಹಾಕಿಕೊಂಡು ಹೋಗುತ್ತಾರೆ. ಊರಲ್ಲಿ ಹೀಗೆ ಮಾಡಿದರೆ ಹಿರಿಯರು ಸುಮ್ನೆ ಬಿಡುತ್ತಿದ್ದರಾ?

ಪಕ್ಕದ ರೈತರೊಬ್ಬರು ತಮ್ಮ ಹುಲ್ಲುಗಾವಲಿನಲ್ಲಿ ನಾವು ವಾಕಿಂಗ್ ಹೋಗಲು ಒಪ್ಪಿದ್ದರು. ಒಂದು ಸಂಜೆ ಒಳಗಿನ ಗೇಟು ತೆರೆದಿತ್ತು. ಪಾಪ ಮರೆತಿದ್ದಾರೆ ಅಂದುಕೊಂಡು ನಾವು ಮುಚ್ಚಿ ಬಂದೆವು. ದನ ನೀರಿನ ತೊಟ್ಟಿಗೆ ಹೋಗಲಿ ಅಂತಲೇ ಅವರು ಅದನ್ನು ತೆರೆದಿಟ್ಟಿದ್ದರಂತೆ. ರಾತ್ರಿಯೆಲ್ಲ ದನಗಳು ನೀರಿಲ್ಲದೆ ಕೂಗಿವೆ. ಬೆಳಿಗ್ಗೆ ಆತ ಬಾಗಿಲಿಗೆ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದು, ದನಿ ಏರಿಸದೆ ಹೇಳಿದರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಗೇಟು ಹೇಗಿತ್ತೋ ಹಾಗೇ ಬಿಡಿ. ತೆರೆದಿದ್ದರೆ ತೆರೆದಿರಲಿ, ಮುಚ್ಚಿದ್ದರೆ ಮುಚ್ಚಿ ಬನ್ನಿ.

ಆ ವಾರವೇ ಕೋಡುಬಳೆ ಕರಿದು ತೆಗೆದುಕೊಂಡು ಹೋಗಿ ಕ್ಷಮೆ ಕೇಳಿದೆವು. ಗಂಡ ಹೆಂಡತಿ ಇಬ್ಬರೂ ನಿಂತಲ್ಲೇ ತಿಂದರು. ಹೊರಡುವಾಗ, ಸೆಪ್ಟೆಂಬರಿನಲ್ಲಿ ರೌಂಡ್-ಅಪ್‌ಗೆ ನಮ್ಮ ಜೊತೆ ಬನ್ನಿ ಅಂದರು.

ರೌಂಡ್-ಅಪ್: ಈ ಸೀಮೆಯ ಜಾತ್ರೆ

ಪೆಂಡಲ್‌ಟನ್ ರೌಂಡ್-ಅಪ್ ಶುರುವಾದದ್ದು 1910ರಲ್ಲಿ. ಪ್ರತಿ ವರ್ಷ ಸೆಪ್ಟೆಂಬರಿನ ಎರಡನೇ ಪೂರ್ತಿ ವಾರ, ಬುಧವಾರದಿಂದ ಶನಿವಾರ ರೋಡಿಯೋ, ಅಂದರೆ ಕುದುರೆ, ಗೂಳಿ ಏರುವ, ಕರು ಹಿಡಿಯುವ ಕೌಬಾಯ್ ಪಂದ್ಯಗಳು. ಗದ್ದಲ, ಧೂಳು, ನಮಗೇಕೆ ಅನ್ನುವ ಮನೆಗಳು ನಮ್ಮಲ್ಲೂ ಇವೆ. ಆದರೆ ವರ್ಷವಿಡೀ ಹೊಲದಲ್ಲಿ ಇರುವವರು, ಮಕ್ಕಳ ಟೀಚರು, ಬ್ಯಾಂಕಿನವರು ಎಲ್ಲರೂ ಸಿಗುವುದು ಅಲ್ಲೇ. ಊರ ಜಾತ್ರೆಗೆ ಹೋಗದವರನ್ನು ಊರು ಹೇಗೆ ಗುರುತು ಹಿಡಿಯಬೇಕು?

ಶುಕ್ರವಾರ ಬೆಳಿಗ್ಗೆ ವೆಸ್ಟ್‌ವರ್ಡ್ ಹೋ ಮೆರವಣಿಗೆ ಇರುತ್ತದೆ. ಮೋಟಾರು ಗಾಡಿ ಒಂದೂ ಇಲ್ಲ, ಬರೀ ಕುದುರೆ, ಹೇಸರಗತ್ತೆ, ಎತ್ತಿನ ಬಂಡಿ. ನಮ್ಮ ಮನೆಯ ಹಿರಿಯರಿಗೆ ರೋಡಿಯೋಗಿಂತ ಇದೇ ಹಿಡಿಸಿತು.

ಆಟ ಅರ್ಥವಾಗಲು ಇಷ್ಟು ಗೊತ್ತಿದ್ದರೆ ಸಾಕು. ಜೀನಿರುವ ಕುದುರೆ, ಜೀನಿಲ್ಲದ ಕುದುರೆ, ಗೂಳಿ, ಈ ಮೂರರ ಮೇಲೂ 8 ಸೆಕೆಂಡ್ ಕೂರಬೇಕು. ಒಂದೇ ಕೈ ಹಿಡಿತ. ಇನ್ನೊಂದು ಕೈ ತಾಗಿದರೆ ಅಂಕವಿಲ್ಲ. ಒಟ್ಟು 100 ಅಂಕ, ಅದರಲ್ಲಿ ಅರ್ಧ ಸವಾರನಿಗೆ, ಅರ್ಧ ಪ್ರಾಣಿಗೆ. ಚೆನ್ನಾಗಿ ಕುಪ್ಪಳಿಸಿದ ಗೂಳಿಯನ್ನು ಜನ ಹೆಸರು ಹಿಡಿದು ಮೆಚ್ಚುತ್ತಾರೆ. ಹಾವೇರಿಯ ಹೋರಿ ಹಬ್ಬ ನೋಡಿದವರಿಗೆ ಈ ಅಭಿಮಾನ ತಕ್ಷಣ ತಿಳಿಯುತ್ತದೆ. ಇಲ್ಲಿ ಅಂಗಳದ ನಡುವೆ ಮಣ್ಣಿಲ್ಲ, ಹುಲ್ಲಿದೆ. ಕುದುರೆ ಜಾರುತ್ತದೆ, ಹಾಗಾಗಿ ಸವಾರರಿಗೆ ಇದು ಕಷ್ಟದ ಕಣ.

ಕರುವಿನ ವಿಷಯ ಮುಚ್ಚಿಡದೆ ಹೇಳುತ್ತೇವೆ. ಟೈ-ಡೌನ್ ರೋಪಿಂಗ್‌ನಲ್ಲಿ ಓಡುವ ಕರುವಿಗೆ ಕುಣಿಕೆ ಎಸೆದು, ಕೆಡವಿ, ಮೂರು ಕಾಲು ಕಟ್ಟುತ್ತಾರೆ. ನನ್ನ ಮಗ ಅತ್ತುಬಿಟ್ಟ. ನನಗೂ ನೋಡಲಾಗಲಿಲ್ಲ. ನೆರೆಯವರು ಮೆಲ್ಲಗೆ ಹೇಳಿದರು: ಬಯಲಿನಲ್ಲಿ ಕರುವಿಗೆ ಮದ್ದು ಹಾಕಲು ಹೀಗೇ ಹಿಡಿಯುತ್ತಿದ್ದರು, ಆಟ ಹುಟ್ಟಿದ್ದು ಆ ಕೆಲಸದಿಂದ. ಕಾರಣ ತಿಳಿಯಿತು, ಮನಸ್ಸು ಒಪ್ಪಲಿಲ್ಲ. ನಿಮಗೂ ಹಾಗೇ ಆದರೆ ಆ ಹತ್ತು ಹದಿನೈದು ನಿಮಿಷ ಮಕ್ಕಳನ್ನು ಕರೆದುಕೊಂಡು ಹೊರಗೆ ನಿಂಬೆ ಶರಬತ್ತು ಕುಡಿದು ಬನ್ನಿ. ಪಕ್ಕ ಕೂತವರಿಗೆ ಅಲ್ಲೇ ಪಾಠ ಹೇಳಬೇಡಿ. ಕಂಬಳದ ಬಗ್ಗೆ ನಾವೇ ಎಷ್ಟು ವರ್ಷ ಕೋರ್ಟಿನವರೆಗೂ ಜಗಳ ಆಡಲಿಲ್ಲ? 2023ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಮೇಲೂ ಮನೆಮನೆಯಲ್ಲಿ ಎರಡು ಮಾತು ಇದೆ.

ಅಂಗಳದ ಹಿಂದೆ ನೂರಾರು ಟೀಪಿ ಡೇರೆಗಳ ಊರೇ ಏಳುತ್ತದೆ. ಇದು ಕಯೂಸ್, ಯುಮಟಿಲ್ಲಾ, ವಾಲಾ ವಾಲಾ ಎಂಬ ಅಮೆರಿಕದ ಮೂಲನಿವಾಸಿ ಜನರ ನೆಲ. 1855ರ ಒಪ್ಪಂದದಲ್ಲಿ ಅದರ ಬಹುಪಾಲನ್ನು ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಡಬೇಕಾಯಿತು. ಆದರೂ ರೌಂಡ್-ಅಪ್‌ಗೆ ಮೊದಲಿನಿಂದ ಬರುತ್ತಿದ್ದಾರೆ. ಅವರು ತೊಡುವುದು ವೇಷವಲ್ಲ, ಮನೆತನದಿಂದ ಬಂದ ಉಡುಗೆ. ಮದುವೆಯಲ್ಲಿ ನಿಮ್ಮ ಅಮ್ಮನ ರೇಷ್ಮೆ ಸೀರೆಯನ್ನು ಯಾರಾದರೂ ಮುಟ್ಟಿ ಎಳೆದು ನೋಡಿದರೆ ಹೇಗಿರುತ್ತದೆ? ಮುಟ್ಟಬೇಡಿ. ಫೋಟೋಗೆ ಮೊದಲು ಕೇಳಿ. ಡೇರೆ ಅಂದರೆ ಒಬ್ಬರ ಮನೆ, ಇಣುಕಬೇಡಿ. ಯಾರಾದರೂ ನಿಮ್ಮನ್ನು ಕೇಳಿದರೆ ಬರೀ ಇಂಡಿಯನ್ ಅನ್ನಬೇಡಿ, ಇಂಡಿಯಾ ದೇಶದಿಂದ ಬಂದವರು ಅನ್ನಿ. ಇಲ್ಲಿ ಆ ಪದಕ್ಕೆ ಬೇರೆ ವಾರಸುದಾರರಿದ್ದಾರೆ.

ಮಕ್ಕಳಿಗೆ 1911ರ ಕಥೆ ಹೇಳಿ. ಜಾರ್ಜ್ ಫ್ಲೆಚರ್ ಎಂಬ ಕಪ್ಪು ಸವಾರ ಅಂದು ಅದ್ಭುತವಾಗಿ ಕುದುರೆ ಏರಿದ. ತೀರ್ಪುಗಾರರು ಬಿಳಿಯನಿಗೆ ಮೊದಲ ಸ್ಥಾನ ಕೊಟ್ಟರು. ಶೆರಿಫ್ ಟಿಲ್ ಟೇಲರ್ ಫ್ಲೆಚರನ ಟೋಪಿಯನ್ನು ಚೂರು ಚೂರು ಮಾಡಿ ಜನರಿಗೆ ಮಾರಿ, ಆ ಹಣವನ್ನು ಅವನ ಕೈಗೇ ಕೊಟ್ಟರು. ಮೇನ್ ಸ್ಟ್ರೀಟಿನಲ್ಲಿ ಆತನ ಕಂಚಿನ ಪ್ರತಿಮೆ ಇದೆ, ತೋರಿಸಿ. ಅವತ್ತು ಮೂರನೆಯವನಾದ ನೆಜ್ ಪರ್ಸ್ ಎಂಬ ಮೂಲನಿವಾಸಿ ಜನಾಂಗದ ಜಾಕ್ಸನ್ ಸನ್‌ಡೌನ್ 1916ರಲ್ಲಿ ಗೆದ್ದೇ ಬಿಟ್ಟ. ಆಗ ಆತನ ವಯಸ್ಸು ಐವತ್ತು ದಾಟಿತ್ತು.

ಹೋಗುವಾಗ

- ಟಿಕೆಟ್ ನೆರಳಿನ ಕಡೆಯದೇ ಇರಲಿ. ಅಜ್ಜ ಅಜ್ಜಿ ಬರುತ್ತಿದ್ದರೆ ಖಂಡಿತ.
- ಹಗಲು ಬಿಸಿಲು, ಸಂಜೆ ಚಳಿ. ಸ್ವೆಟರ್ ಬೇಕು. ಕಾಡುಕಿಚ್ಚಿನ ಹೊಗೆ ಇದ್ದರೆ ಮಾಸ್ಕ್ ಕೂಡ.
- ರಾಷ್ಟ್ರಗೀತೆಗೆ ಎದ್ದು ನಿಲ್ಲಿ, ಟೋಪಿ ತೆಗೆಯಿರಿ, ಫೋನ್ ಜೇಬಿನಲ್ಲಿಡಿ.
- ಸಸ್ಯಾಹಾರಿಗಳು ಬೀನ್ಸ್ ತಿನ್ನುವ ಮುಂಚೆ ಕೇಳಿ, ಹಂದಿ ಮಾಂಸ ಹಾಕಿರಬಹುದು. ಫ್ರೈ ಬ್ರೆಡ್ (ಕರಿದ ರೊಟ್ಟಿ) ಯಾವ ಎಣ್ಣೆಯದು ಅಂತಲೂ ಕೇಳಿ.
- ಚಿತ್ರಾನ್ನ, ಮೊಸರನ್ನ ಕಾರಿನಲ್ಲಿರಲಿ. ಪಕ್ಕದ ಕಾರಿನವರಿಗೂ ಒಂದು ತಟ್ಟೆ ಕೊಡಿ.
- ಪಾರ್ಕಿಂಗ್ ಜಾಗಕ್ಕೆ ನಗದು ಇಟ್ಟುಕೊಳ್ಳಿ.

ನಮ್ಮ ಕೂಟದವರು ಶುಕ್ರವಾರ ಮೆರವಣಿಗೆಗೆ ಒಟ್ಟಿಗೆ ಹೋಗುತ್ತೇವೆ. ಕಾರಿಲ್ಲದ ಮನೆಯವರು ಆಗಸ್ಟಿನಲ್ಲೇ ಹೇಳಿ, ಸೀಟು ಇಟ್ಟಿರುತ್ತೇವೆ. ಮಡಚುವ ಕುರ್ಚಿ ನೀವೇ ತರಬೇಕು.